ಶಾನ್ ಜನ ಎಲ್ಲಿಂದ ಬಂದವರು? ಅಹೋಮರು, ಥಾಯ್‌ಗಳು, ಇವರೆಲ್ಲ ಒಂದೇ ಬಳ್ಳಿಯವರಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಆಫೀಸಿನ ಗೆಳೆಯನ ಮದುವೆಗೆಂದು ಹೋದ ತಿಂಗಳು ಅಸ್ಸಾಮಿನ ಶಿವಸಾಗರಕ್ಕೆ ಹೋಗಿದ್ದೆ. ಅವನು ಅಹೋಮ್. 101 ಹಣತೆ ಹಚ್ಚಿ ಮಾಡುವ ಮದುವೆ, ಅದಕ್ಕೆ ಚಕ್ಲಂಗ್ ಅಂತಾರೆ. ಮಾರನೇ ದಿನ ಅವನ ತಂದೆ ನಮ್ಮನ್ನು ಚರಾಯಿದೇವ್‌ಗೆ ಕರೆದುಕೊಂಡು ಹೋದರು. ಬಟ್ಟಲು ಬೋರಲು ಹಾಕಿದ ಹಾಗೆ ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳು, ಒಳಗೆ ರಾಜರ ಸಮಾಧಿ ಕೋಣೆ. ಮೊಯಿದಾಮ್ ಎನ್ನುತ್ತಾರೆ. 2024ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಇದೇ ಜಾಗ.

ಅಲ್ಲಿ ನಿಂತು ಅವನ ತಂದೆ ಹೇಳಿದ ಮಾತು ತಲೆಯಲ್ಲೇ ಉಳಿದಿದೆ. "ನಮ್ಮ ಹಿರಿಯರು ಇಲ್ಲಿಯವರಲ್ಲಪ್ಪ, ಮೋಂಗ್ ಮಾವ್‌ನಿಂದ ಗುಡ್ಡ ದಾಟಿ ಬಂದವರು. ಬರ್ಮಾದ ಶಾನರು ನಮಗೆ ದಾಯಾದಿಗಳು."

ಊರಿಗೆ ಬಂದು ಹುಡುಕಿದರೆ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರು ಶಾನರು ಮಂಗೋಲಿಯಾ ಕಡೆಯ ಅಲ್ತಾಯ್ ಪರ್ವತದಿಂದ ಬಂದರು ಅಂತಾರೆ. ಇನ್ನೊಬ್ಬರು ಚೀನಾದ ಯುನ್ನಾನಿನ ನಾನ್‌ಝಾವೊ ಸಾಮ್ರಾಜ್ಯ ಅವರದೇ ಅಂತಾರೆ. ಮತ್ತೊಬ್ಬರು ಕ್ರಿ.ಪೂ. 94ರಿಂದ ಅವರ ಶಕೆ ನಡೆಯುತ್ತಿದೆ, ಹಾಗಾಗಿ ಅಷ್ಟು ಹಳೆಯ ರಾಜ್ಯ ಇದ್ದೇ ಇತ್ತು ಅಂತಾರೆ. ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ಗಡಿಬಿಡಿ ಇಲ್ಲ.

ಗಿರಿಧಾಮ

ನಾನು ಓದಿದ ಹಳೆಯ ಪುಸ್ತಕಗಳಲ್ಲೆಲ್ಲ ನಾನ್‌ಝಾವೊ ತೈ ಜನರ ರಾಜ್ಯ ಅಂತಲೇ ಇತ್ತು. 8ನೇ ಶತಮಾನದಲ್ಲಿ ಯುನ್ನಾನಿನ ದಾಲಿ ಸುತ್ತಮುತ್ತ ಆಳಿದ ದೊಡ್ಡ ರಾಜ್ಯ ಅದು, ಚೀನಾದ ತಾಂಗ್ ದೊರೆಗಳನ್ನೇ ಸೋಲಿಸಿತ್ತು. 1253ರಲ್ಲಿ ಮಂಗೋಲರ ಕುಬ್ಲಾಯ್ ಖಾನ್ ದಾಲಿಯನ್ನು ಗೆದ್ದ ಮೇಲೆ ಅಲ್ಲಿನ ತೈ ಜನ ದಕ್ಷಿಣಕ್ಕೆ ಓಡಿಬಂದು ಶಾನ್, ಸಯಾಮ್ (ಇಂದಿನ ಥಾಯ್ಲೆಂಡ್), ಲಾವೋಸ್ ಎಲ್ಲ ಕಟ್ಟಿದರು. ಇದು ಸರಳವಾಗಿ ಅರ್ಥವಾಗುತ್ತೆ. ಬೇರೆ ಏನಾದರೂ ಪುರಾವೆ ಇದ್ದರೆ ತಿಳಿಯುವ ಆಸೆ ನನಗೂ ಇದೆ.

ಪದಬೇಟೆ

ತುಂಗಾತೀರ ಅವರೇ, ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ಭಾಷಾ ಮೇಷ್ಟ್ರಾಗಿದ್ದವನು ನಾನು, ಹೆಸರಿನಿಂದಲೇ ಶುರು ಮಾಡುತ್ತೇನೆ.

ಶಾನ್ ಅನ್ನುವುದು ಅವರು ಇಟ್ಟುಕೊಂಡ ಹೆಸರಲ್ಲ, ಬರ್ಮನ್ನರು ಕರೆದ ಹೆಸರು. ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ತೈ ಎಂದು, ನಾಡನ್ನು ಮೋಂಗ್ ತೈ ಎಂದು. ಥಾಯ್ಲೆಂಡಿನವರು ಅವರನ್ನು ಥಾಯ್ ಯಾಯ್, ಅಂದರೆ ದೊಡ್ಡ ಥಾಯ್ ಅನ್ನುತ್ತಾರೆ. ಚೀನಾದಲ್ಲಿ ದಾಯ್.

ಬರ್ಮೀ ಕಾಗುಣಿತದಲ್ಲಿ ಶಾನ್ ಪದದ ಕೊನೆಗೆ ಬರೆಯುವುದು ಮ್, ನ್ ಅಲ್ಲ. ಬರೆಯುವುದು ಶಾಮ್, ಓದುವುದು ಶಾನ್. ಆಡುಮಾತು ಬದಲಾಯಿತು, ಬರಹ ಹಳೆಯದನ್ನೇ ಹಿಡಿದುಕೊಂಡಿತು. ಬರ್ಮಾದ ಹಳೆಯ ರಾಜಧಾನಿ ಪಗಾನ್‌ನ 1120ರ ಶಾಸನವೊಂದರಲ್ಲಿ ಸ್ಯಾಮ್ ಎಂಬ ರೂಪ ಇದೆ. ಅದೇ 12ನೇ ಶತಮಾನದ, ಕಾಂಬೋಡಿಯಾದ ಅಂಗ್‌ಕೋರ್ ವಾಟ್ ಗೋಡೆಯ ಕೆತ್ತನೆಯಲ್ಲಿ ಮೆರವಣಿಗೆ ಹೊರಟ ಸೈನಿಕರ ಒಂದು ಗುಂಪಿಗೂ ಸ್ಯಾಮ್ ಅಂತಲೇ ಹೆಸರು ಬರೆದಿದೆ. ನಾವು "ಸಯಾಮಿ ಅವಳಿ" ಅನ್ನುವಾಗ ಹೇಳುವ ಸಯಾಮ್ ಕೂಡ ಇದೇ ಪದ. ಅಸ್ಸಾಮ್, ಅಹೋಮ್ ಎರಡೂ ಇದೇ ಬುಡದ ಚಿಗುರು ಎಂದು ಹಲವು ವಿದ್ವಾಂಸರು ಒಪ್ಪುತ್ತಾರೆ. ನಮ್ಮಲ್ಲಿ ಪಾಲು ಹಾಲಾಯಿತು, ಅಸ್ಸಾಮಿಯಲ್ಲಿ ಸಕಾರ ಹಕಾರದ ಕಡೆ ಜಾರಿತು. ಅಸಾಮ್ ಅಹೋಮ್ ಆಗುವುದು ಹಾಗೆ.

ಇನ್ನು ತೈ ಮತ್ತು ಥಾಯ್. ಇಂಗ್ಲಿಷಿನಲ್ಲಿ ಬರೆದರೆ ಈ ಎರಡರ ನಡುವಿನ ವ್ಯತ್ಯಾಸ ಮಸುಕಾಗುತ್ತೆ. ಕನ್ನಡ ಲಿಪಿಗೆ ಅದು ಕಷ್ಟವೇ ಅಲ್ಲ, ತ ಮತ್ತು ಥ. ಮೂಲ ಭಾಷೆಯಲ್ಲಿ ದಕಾರ ಇದ್ದ ಕಡೆ ಸಯಾಮಿನಲ್ಲೂ ಲಾವೋಸಿನಲ್ಲೂ ಮಹಾಪ್ರಾಣ ಥಕಾರ ಬಂತು, ಶಾನ್‌ನಲ್ಲೂ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಕಡೆಯ ಮಾತಿನಲ್ಲೂ ಅಲ್ಪಪ್ರಾಣ ತಕಾರ ಉಳಿಯಿತು. ಮೂಲದ ಬಕಾರಕ್ಕೂ ಅದೇ ಗತಿ. ಅಣ್ಣ ಅಥವಾ ಅಕ್ಕನಿಗೆ ಥಾಯ್‌ನಲ್ಲಿ ಫೀ, ಶಾನ್‌ನಲ್ಲಿ ಪೀ. ಪದ ಒಂದೇ, ಉಸಿರು ಬೇರೆ.

ಎಲ್ಲಿಂದ ಬಂದರು ಎಂಬುದಕ್ಕೂ ಭಾಷೆಯೇ ದಾರಿ ತೋರಿಸುತ್ತೆ. ಒಂದು ಕುಟುಂಬದ ಭಾಷೆಗಳು ಎಲ್ಲಿ ಅತಿ ಹೆಚ್ಚು ಬಗೆಯಾಗಿ ಒಡೆದುಕೊಂಡಿವೆಯೋ ಅಲ್ಲೇ ಅವು ಬಹಳ ಕಾಲದಿಂದ ಇವೆ ಎಂದು ಲೆಕ್ಕ. ತೈ ಭಾಷೆಗಳಿಗೆ ಆ ಜಾಗ ಚೀನಾದ ಗುವಾಂಗ್‌ಶಿ ಮತ್ತು ಉತ್ತರ ವಿಯೆಟ್ನಾಮಿನ ಗಡಿ ಸೀಮೆ. ಅಲ್ತಾಯ್ ಅಲ್ಲವೇ ಅಲ್ಲ. ಹೆಸರಿನಲ್ಲಿ "ತಾಯ್" ಕೇಳಿಸುತ್ತದೆಂದು ಅಷ್ಟು ದೂರ ಹೋದರು, ಥಾಯ್ಲೆಂಡಿನ ಶಾಲಾ ಪಠ್ಯದಲ್ಲೂ ದಶಕಗಳ ಕಾಲ ಅದು ಉಳಿಯಿತು. ಗುವಾಂಗ್‌ಶಿಯ ಕಡೆಯಿಂದ ಪಡುವಣಕ್ಕೂ ತೆಂಕಣಕ್ಕೂ ಹರಿದ ಕವಲಿನಲ್ಲೇ ಶಾನ್, ಥಾಯ್, ಲಾವೊ, ಅಹೋಮ್ ಎಲ್ಲ ಬರುತ್ತವೆ. ಚೀನೀ ಎರವಲು ಪದಗಳ ಪದರಗಳನ್ನು ಬಿಡಿಸಿ ನೋಡಿ, ಈ ಹರಡುವಿಕೆ ಸುಮಾರು 8ರಿಂದ 10ನೇ ಶತಮಾನದ ನಡುವಿನದು ಎಂದು ಭಾಷಾವಿಜ್ಞಾನಿ ಪಿತ್ತಯಾವತ್ ಪಿತ್ತಯಾಪೊರ್ನ್ 2014ರಲ್ಲಿ ವಾದಿಸಿದರು. ನನಗೆ ಆ ವಾದ ಗಟ್ಟಿ ಎನಿಸುತ್ತದೆ.

ಶಾಸನಪ್ರಿಯ

ಗಿರಿಧಾಮ ಅವರಿಗೆ. ನಾನ್‌ಝಾವೊ ಬಗ್ಗೆ ನಾನೂ ಹಾಗೇ ನಂಬಿದ್ದೆ, ಅಲ್ಲಿನ ರಾಜಮನೆತನದವರ ಹೆಸರುಗಳನ್ನು ಸಾಲಾಗಿ ಬರೆದುಕೊಳ್ಳುವ ತನಕ. ನೀವೂ ಬರೆದು ನೋಡಿ.

ಪಿ-ಲುವೊ-ಗೆ.
ಅವನ ನಂತರ ಗೆ-ಲುವೊ-ಫೆಂಗ್.
ಅವನ ಮಗ ಫೆಂಗ್-ಜಿಯಾ-ಯಿ.
ಅವನ ಮಗ ಯಿ-ಮೋ-ಶುನ್.

ಕಾಣಿಸಿತೇ? ಹಿಂದಿನವನ ಹೆಸರಿನ ಕೊನೆಯ ಉಲಿ ಮುಂದಿನವನ ಹೆಸರಿನ ಮೊದಲಿಗೆ. ಅಂತ್ಯಾಕ್ಷರಿ ಆಡಿದ ಹಾಗೆ ತಲೆಮಾರುಗಳು ಪೋಣಿಸಿಕೊಂಡಿವೆ. ಹೀಗೆ ಹೆಸರಿಡುವುದು ಯಿ ಮೊದಲಾದ ಟಿಬೆಟೋ-ಬರ್ಮನ್ ಜನರ ಪದ್ಧತಿ. ತೈ ಅರಸರಲ್ಲಿ ಇದು ಇಲ್ಲ. ನಾನ್‌ಝಾವೊ ಪ್ರಜೆಗಳಲ್ಲಿ ತೈ ಜನ ಇದ್ದಿರಬಹುದು, ಆಳಿದವರು ಅವರಲ್ಲ.

1253ರ ಓಟದ ಕತೆ ಬೀಳುವುದಕ್ಕೆ ತಾರೀಖುಗಳೇ ಸಾಕು. ಪಗಾನ್ ಶಾಸನದಲ್ಲಿ ಸ್ಯಾಮ್ ಬಂದಿದ್ದು 1120ರಲ್ಲಿ. ಅಹೋಮ್ ವಂಶದ ಮೊದಲ ದೊರೆ ಸುಕಾಫಾ ಮೋಂಗ್ ಮಾವ್ ಬಿಟ್ಟಿದ್ದು 1215ರಲ್ಲಿ, ಪಟ್ಕಾಯ್ ಬೆಟ್ಟ ದಾಟಿ ಬ್ರಹ್ಮಪುತ್ರದ ಕಣಿವೆಗೆ ಇಳಿದಿದ್ದು 1228ರಲ್ಲಿ. ಕುಬ್ಲಾಯ್ ದಾಲಿಗೆ ಬರುವ ಹೊತ್ತಿಗೆ ಸುಕಾಫಾ ಚರಾಯಿದೇವ್‌ನಲ್ಲಿ ರಾಜಧಾನಿ ಕಟ್ಟುತ್ತಿದ್ದ, ಅದೂ 1253ರಲ್ಲೇ. ಮಂಗೋಲರು ಅಟ್ಟಿದ್ದಕ್ಕೆ ಬಂದವನಲ್ಲ ಅವನು.

ಗಿರಿಧಾಮ

ಶಾಸನಪ್ರಿಯ ಸರ್, ಆ ನಾಲ್ಕು ಹೆಸರು ಕಾಗದದ ಮೇಲೆ ಬರೆದುಕೊಂಡು ನೋಡಿದೆ. ಇಷ್ಟು ವರ್ಷ ನಂಬಿದ್ದು ತಪ್ಪು ಅಂತ ಒಪ್ಪಿಕೊಳ್ಳುತ್ತೇನೆ. ಹಾಗಾದರೆ ಮೋಂಗ್ ಮಾವ್ ಅಂದರೆ ಏನು? ಅದು ನಿಜವಾದ ಊರೇ?

ಶಾಸನಪ್ರಿಯ

ನಿಜವಾದದ್ದೇ. ಇವತ್ತು ಚೀನಾದ ರುಯ್ಲಿ ಪಟ್ಟಣ ಮತ್ತು ಬರ್ಮಾದ ಮೂಸೆ ಎದುರುಬದುರು ನಿಂತಿರುವ ಕಣಿವೆ. ಶ್ವೇಲಿ ನದಿ ಹರಿಯುತ್ತದಲ್ಲ, ಅದನ್ನು ತೈ ಜನ ನಾಮ್ ಮಾವ್ ಅನ್ನುತ್ತಾರೆ. ನಾಮ್ ಅಂದರೆ ನೀರು, ಹೊಳೆ.

14ನೇ ಶತಮಾನದ ನಡುವೆ ಅಲ್ಲಿ ಸೋ ಖಾನ್ ಫಾ ಎಂಬ ದೊರೆ ಬಲಿಷ್ಠನಾದ. ಚೀನೀ ದಾಖಲೆಗಳು ಅವನನ್ನು ಸಿ ಕೆಫಾ ಅನ್ನುತ್ತವೆ, ರಾಜ್ಯವನ್ನು ಲುಚುವಾನ್ ಅನ್ನುತ್ತವೆ. "ಸೋ" ಅಂದರೆ ಹುಲಿ. ಚೀನೀಯರು ಅದನ್ನೇ ಮನೆತನದ ಹೆಸರು ಅಂದುಕೊಂಡು "ಸಿ" ಎಂದು ಬರೆದರು. ಸುಕಾಫಾ ಹೆಸರಿನ "ಸು" ಕೂಡ ಅದೇ ಹುಲಿ. "ಫಾ" ಅಂದರೆ ಆಕಾಶ. ಈ ಮಾವ್ ದೊರೆಗಳನ್ನು ಬಗ್ಗಿಸಲು ಮಿಂಗ್ ಸಾಮ್ರಾಜ್ಯ 1436ರಿಂದ 1449ರ ತನಕ ದಂಡಿನ ಮೇಲೆ ದಂಡು ಕಳಿಸಬೇಕಾಯಿತು.

ಬರ್ಮಾ ಕಡೆಗೂ ಇವರ ಕೈ ಚಾಚಿತ್ತು. 1527ರಲ್ಲಿ ಮೊಹ್‌ನ್ಯಿನ್‌ನ ಶಾನ್ ದೊರೆ ಬರ್ಮನ್ನರ ರಾಜಧಾನಿ ಆವಾವನ್ನೇ ಹಿಡಿದು ಮಗನನ್ನು ಪಟ್ಟಕ್ಕೆ ಕೂರಿಸಿದ. 1550ರ ದಶಕದಲ್ಲಿ ಬರ್ಮಾದ ದೊರೆ ಬಯಿನ್ನೌಂಗ್ ಬಂದು ಆವಾವನ್ನೂ ಶಾನ್ ನಾಡುಗಳನ್ನೂ ಗೆದ್ದ. ಅಲ್ಲಿಂದ ಮುಂದೆ ಶಾನ್ ಅರಸರು ಹೆಚ್ಚಾಗಿ ಬರ್ಮಾದ ದೊರೆಗೆ ಕಪ್ಪ ಕೊಡುವವರಾದರು.

ಮಂಡ್ಯದ ಮಗಳು

ರಾಜರ ಕತೆ ಚೆನ್ನಾಗಿದೆ, ಆದ್ರೆ ನನಗೆ ಒಂದು ವಿಷಯ ಕೇಳ್ಬೇಕು. ನೂರಾರು ಮೈಲಿ ಗುಡ್ಡಗಾಡಿನಲ್ಲಿ ಒಂದೇ ಭಾಷೆಯವರು ಹೇಗೆ ಹರಡಿದರು? ಸೈನ್ಯ ಕಟ್ಟಿಕೊಂಡು ಬಂದ ಸಾವಿರ ಜನ ಒಂದು ನಾಡು ತುಂಬೋದಿಲ್ಲ. ಸುಕಾಫಾ ಜೊತೆ ಬಂದೋರು ಎಷ್ಟೇ ಇರಲಿ, ಅಸ್ಸಾಮಿನಲ್ಲಿ ಆಗಲೇ ಜನ ಇದ್ದರಲ್ಲ?

ಪದಬೇಟೆ

ಅಮ್ಮಾ, ನನ್ನ ಪ್ರಕಾರ ಇಡೀ ಚರ್ಚೆಯ ಗಂಟು ಇರುವುದೇ ಇಲ್ಲಿ. ನೀವು ಮಂಡ್ಯದವರು, ನಿಮಗೆ ಬೇಗ ಹೊಳೆಯುತ್ತೆ. ಉತ್ತರ ಗದ್ದೆಯಲ್ಲಿದೆ.

ಶಾನ್ ಪ್ರಸ್ಥಭೂಮಿಯಲ್ಲಿ ಗುಡ್ಡಗಳ ನಡುವೆ ತಟ್ಟೆಯಂಥ ಕಣಿವೆಗಳಿವೆ. ತೈ ಜನ ನೆಲೆನಿಂತಿದ್ದು ಈ ತಟ್ಟೆಗಳಲ್ಲಿ, ನೀರು ಕಟ್ಟಿ ನಾಟಿ ಹಾಕುವ ಬತ್ತದ ಮೇಲೆ. ಸುತ್ತಲ ಗುಡ್ಡಗಳ ಮೇಲೆ ಪಲೌಂಗ್, ವಾ, ಕಚಿನ್ ಜನ, ಅವರದು ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ. ಮೇಲಿನವರು ಚಹಾ ಎಲೆ, ಕಾಡಿನ ಸಾಮಾನು ಇಳಿಸುತ್ತಿದ್ದರು, ಕೆಳಗಿನವರು ಅಕ್ಕಿ, ಉಪ್ಪು ಕೊಡುತ್ತಿದ್ದರು. ಒಂದು ಕಣಿವೆ, ಅದರ ಸಂತೆ, ಅದರ ಗದ್ದೆ, ಅದರ ಒಡೆಯ, ಇಷ್ಟು ಸೇರಿದರೆ ಒಂದು ಮೋಂಗ್.

ಗುಡ್ಡದಿಂದ ಇಳಿದು ಬಂದು ಗದ್ದೆ ಮಾಡಿ, ಬೌದ್ಧ ವಿಹಾರಕ್ಕೆ ನಡೆದುಕೊಂಡು, ತೈ ಮಾತು ಕಲಿತವನು ಒಂದೆರಡು ತಲೆಮಾರಿನಲ್ಲಿ ಶಾನ್ ಆಗಿಬಿಡುತ್ತಿದ್ದ. ಕಚಿನ್ ಮುಖ್ಯಸ್ಥರು ಹೀಗೆ "ಶಾನ್ ಆಗುವುದನ್ನು" ಮಾನವಶಾಸ್ತ್ರಜ್ಞ ಎಡ್ಮಂಡ್ ಲೀಚ್ 1954ರಲ್ಲೇ ವಿವರವಾಗಿ ಬರೆದರು. ಅಹೋಮರ ಕತೆ ಇದರ ಇನ್ನೊಂದು ಮುಖ. ಬಂದವರು ಕೆಲವರು, ಅವರೊಳಗೆ ಸೇರಿದ ಸ್ಥಳೀಯರು ಬಹಳ. ಸೇರಿಸಿಕೊಂಡು ಸೇರಿಸಿಕೊಂಡು ಕೊನೆಗೆ ಮೂಲದ ಮಾತನ್ನೇ ಬಿಟ್ಟು ಅಸ್ಸಾಮಿ ಆಡಿದರು.

ಹಾಗಾಗಿ "ಶಾನರು ಎಲ್ಲಿಂದ ಬಂದರು" ಅಂತ ಕೇಳಿದರೆ ನಾನು ಎರಡು ಉತ್ತರ ಕೊಡುತ್ತೇನೆ. ಅವರ ಮಾತು ಬಂದದ್ದು ಮೂಡಣದ ಗುವಾಂಗ್‌ಶಿ ಕಡೆಯಿಂದ, ಗದ್ದೆಯಿಂದ ಗದ್ದೆಗೆ ದಾಟುತ್ತ. ಅವರ ರಕ್ತ ಬಂದದ್ದು ದಾರಿಯುದ್ದಕ್ಕೂ ಸೇರಿಕೊಂಡ ಎಲ್ಲರಿಂದ. ಒಂದೇ ಕಳೆದುಹೋದ ಸಾಮ್ರಾಜ್ಯವನ್ನು ಹುಡುಕುತ್ತ ಕೂತರೆ ಇದು ಕಾಣುವುದಿಲ್ಲ.

ಮಂಡ್ಯದ ಮಗಳು

ಈಗ ಅರ್ಥ ಆಯ್ತು ಸರ್. ನೀರು ಕಟ್ಟೋ ಬೇಸಾಯ ಅಂದ್ರೆ ಒಬ್ಬರ ಕೈಲಿ ಆಗೋದಲ್ಲ. ನಮ್ಮಲ್ಲಿ ನಾಲೆ ಹೂಳು ತೆಗೆಯೋಕೆ, ತೂಬು ಕಾಯೋಕೆ ಊರಿನವರೆಲ್ಲ ಸೇರ್ಬೇಕು. ಸರದಿ ತಪ್ಪಿದ್ರೆ ಜಗಳ. ಅಂಥ ಕಡೆ ಒಬ್ಬ ಯಜಮಾನ ಬೇಕೇ ಬೇಕು, ಕೂಲಿಗೆ ಕೈಗಳೂ ಬೇಕು. ಬಂದೋರನ್ನ ಸೇರಿಸ್ಕೊಳ್ಳೋದು ಅವರಿಗೆ ಲಾಭವೇ.

ಪದಬೇಟೆ

ಹೌದಮ್ಮ. ಚಿಯಾಂಗ್ ಮಾಯ್ ಕಡೆ ಇದಕ್ಕೆ ಮುವಾಂಗ್ ಫಾಯ್ ಅನ್ನುತ್ತಾರೆ, ಅಂದರೆ ನಾಲೆ ಮತ್ತು ಒಡ್ಡು. ಹೊಳೆಗೆ ಅಡ್ಡಲಾಗಿ ಮರದ ಗೂಟ ಬಡಿದು, ಬಿದಿರು ಕಲ್ಲು ತುಂಬಿ ನೀರನ್ನು ನಾಲೆಗೆ ತಿರುಗಿಸುವುದು, ಎಲ್ಲರೂ ಸೇರಿ ದುರಸ್ತಿ ಮಾಡುವುದು.

ನಕ್ಷೆ ತೆಗೆದು ಊರ ಹೆಸರು ಓದಿ ನೋಡಿ. ಬರ್ಮಾದಲ್ಲಿ ಮೊಗೌಂಗ್, ಮೊಹ್‌ನ್ಯಿನ್, ಮೊಮೆಯ್ಕ್ ಎಂದು ಬರೆದಿರುತ್ತಾರೆ. ತೈ ಬಾಯಲ್ಲಿ ಅವು ಮೋಂಗ್ ಕಾಂಗ್, ಮೋಂಗ್ ಯಾಂಗ್, ಮೋಂಗ್ ಮಿತ್. ಯುನ್ನಾನಿನಲ್ಲಿ ಮೆಂಗ್‌ಹಾಯ್, ಮೆಂಗ್‌ಲಾ. ಥಾಯ್‌ನಲ್ಲಿ ಮುವಾಂಗ್ (ನಾಲೆ ಎಂಬ ಮುವಾಂಗ್ ಬೇರೆ ಪದ). ಎಲ್ಲ ಒಂದೇ ಪದ. ಹಾಗೇ ಕೋಟೆಯ ಊರಿಗೆ ಚಿಯಾಂಗ್ ಅಂತ: ಚಿಯಾಂಗ್ ಮಾಯ್, ಚಿಯಾಂಗ್ ರಾಯ್. ಬರ್ಮಾದ ಕೆಂಗ್‌ತುಂಗ್, ಯುನ್ನಾನಿನ ಜಿಂಗ್‌ಹೋಂಗ್ ಇವುಗಳ ಮೊದಲರ್ಧವೂ ಅದೇ ಚಿಯಾಂಗ್. ಜಿಂಗ್‌ಹೋಂಗ್ ಇರುವ ಸೀಮೆಯ ಹೆಸರು ಸಿಪ್ಸೋಂಗ್ ಪನ್ನಾ. ಸಿಪ್ ಸೋಂಗ್ ಅಂದರೆ ಹನ್ನೆರಡು, ಪನ್ ಅಂದರೆ ಸಾವಿರ, ನಾ ಅಂದರೆ ಗದ್ದೆ. ಹನ್ನೆರಡು ಸಾವಿರ ಗದ್ದೆಯ ನಾಡು.

ಶಾಸನಪ್ರಿಯ

ಬನವಾಸಿ ಹನ್ನೆರಡು ಸಾವಿರ! ಎರಡಕ್ಕೂ ಸಂಬಂಧ ಇಲ್ಲ, ಗೊತ್ತು. ಗಂಗವಾಡಿ ತೊಂಬತ್ತಾರು ಸಾವಿರ, ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಶಾಸನಗಳಲ್ಲಿ ಓದಿ ಓದಿ ರೂಢಿಯಾದ ಕಣ್ಣಿಗೆ ಅಷ್ಟು ದೂರದ ನಾಡೊಂದು ಹೀಗೆ ಲೆಕ್ಕದ ಹೆಸರು ಹೊತ್ತಿದ್ದು ಕಂಡರೆ ಮೈ ಜುಮ್ಮೆನ್ನುತ್ತದೆ.

ಧಾರವಾಡದಾಕಿ

ನಮಸ್ಕಾರ್ರೀ ಎಲ್ಲಾರಿಗೂ. ನಾ ನಾಕ್ ವರ್ಷದಿಂದ ಚಿಯಾಂಗ್ ಮಾಯ್‌ದಾಗ ಅದೇನಿ, ನಮ್ಮ ಮನೀಯವರ ನೌಕರಿ ಇಲ್ಲೆ. ನಮ್ಮ ಬಾಜೂ ಮನ್ಯಾಗ ಒಬ್ರು ಶಾನ್ ಅಕ್ಕಾರು ಇದ್ದಾರ. ಇತಿಹಾಸ ಓದಿದಾಕಿ ಅಲ್ಲ ನಾ, ಕಂಡದ್ದು ಹೇಳ್ತೇನಿ.

ಮೊದಲ್ನೇ ಸಲ ಅವ್ರ ಅಡಗೀಮನಿಗೆ ಹೋದಾಗ ನನಗ ನಮ್ಮವ್ವನ ನೆನಪಾತು. ಕಡ್ಲಿಹಿಟ್ಟು, ನೀರು, ಅರಿಷಿಣ, ಉಪ್ಪು ಕೂಡ್ಸಿ ಕೈ ಬಿಡದ ತಿರುವಿ ತಿರುವಿ ಗಟ್ಟಿ ಮಾಡಿ ತಾಟಿನ್ಯಾಗ ಹೊಯ್ದ್ರು. ಆರಿದ ಮ್ಯಾಲೆ ಚಾಕು ತೊಗೊಂಡು ವಡಿ ಕೊಯ್ದಂಗ ಕೊಯ್ದ್ರು. ಅಲ್ರೀ, ಇದು ನಮ್ಮ ಜುಣಕದ ವಡೀನ! ಅವ್ರು ಇದಕ್ಕ ತೋಫು ಅಂತಾರ. ಸೋಯಾ ಅವರೆ ಇದ್ರಾಗ ಇರೂದಿಲ್ಲ. ನಾವು ಒಗ್ಗರಣಿ, ಒಣಕೊಬ್ರಿ, ಕೊತ್ತಂಬ್ರಿ ಹಾಕ್ತೇವಿ, ಅವ್ರು ಹುಣಸಿಹುಳಿ, ಹುರಿದ ಬಳ್ಳೊಳ್ಳಿ, ಖಾರ ಹಾಕಿ ಕೋಸಂಬರಿ ಗತೆ ಕಲಿಸ್ತಾರ. ಸೋಯಾ ಅವರೀದು ಬ್ಯಾರೆ ಅದ, ತೂವಾ ನಾವ್ ಅಂತ. ಕುದಿಸಿ ಹುಳಿಬರಿಸಿ ಅರದು ಹಪ್ಪಳಾ ಮಾಡಿ ಬಿಸಲಾಗ ಒಣಗಸ್ತಾರ. ಕೆಂಡದ ಮ್ಯಾಲೆ ಸುಟ್ಟು ಕುಟ್ಟಿ ಎಲ್ಲಾದಕ್ಕೂ ಹಾಕೂದು.

ಚೈತ್ರದ ಸುಮಾರಿಗೆ ಪೋಯ್ ಸಾಂಗ್ ಲೋಂಗ್ ಅಂತ ಜಾತ್ರಿ ಮಾಡ್ತಾರ. ಸಣ್ಣ ಹುಡುಗೂರಿಗೆ ತಲಿ ಬೋಳ್ಸಿ, ರೇಶ್ಮಿ ಉಡ್ಸಿ, ತಲಿಗೆ ಹೂವಿನ ಕಿರೀಟಾ ಇಟ್ಟು ರಾಜಕುಮಾರನ ಗತೆ ಸಿಂಗಾರ ಮಾಡ್ತಾರ. ಸಿದ್ಧಾರ್ಥ ಅರಮನಿ ಬಿಟ್ಟದ್ದರ ನೆನಪು ಅದು. ಆ ದಿನಾ ಅವ್ರ ಪಾದ ನೆಲಾ ಮುಟ್ಟಂಗಿಲ್ಲ, ಹೆಗಲ ಮ್ಯಾಲೆ ಹೊತ್ತು ಕುಣಸ್ತಾರ, ಮ್ಯಾಲೆ ಬಂಗಾರದ ಛತ್ರಿ. ಮುಂದ ಆ ಹುಡುಗೂರು ವಿಹಾರದಾಗ ಸಾಮಣೇರ, ಅಂದ್ರ ಮರಿ ಭಿಕ್ಷು ಆಗ್ತಾರ. ಮೇ ಹೋಂಗ್ ಸೋನ್‌ದಾಗ ವಾಟ್ ಚೋಂಗ್ ಖಾಮ್ ಗುಡಿ ಮುಂದ ನಾ ನೋಡಿದ್ದು. ಹಿಂಗ ಹೆಗಲೇರಿದ ಒಂದು ಹುಡುಗ ನಿದ್ದಿ ತಡೀಲಾರದ ಅವ್ರಪ್ಪನ ತಲೀ ಮ್ಯಾಲೇ ತಲಿ ಇಟ್ಟು ಮಲಗಿಬಿಟ್ಟಿತ್ತು, ಹಣೀ ಮ್ಯಾಲಿನ ಬಣ್ಣ ಅಪ್ಪನ ಕೂದಲಿಗೆಲ್ಲಾ ಹತ್ತಿತ್ತು.

ಕೊಡಗಿನ ಸುಬೇದಾರ್

ಧಾರವಾಡದ ತಂಗಿ ಹೇಳಿದ ಆ ಹೆಸರು ಇನ್ನೊಮ್ಮೆ ಹೇಳಿ ನೋಡೋಣ. ಚೋಂಗ್ ಖಾಮ್?

ನಾನು ಸೈನ್ಯದಲ್ಲಿದ್ದಾಗ ಅರುಣಾಚಲದ ಪೂರ್ವ ತುದಿಯಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ಚೋಂಗ್‌ಖಾಮ್ ಅಂತಲೇ ಒಂದು ಊರಿದೆ, ಚೌಖಾಮ್ ಎಂದೂ ಬರೆಯುತ್ತಾರೆ, ಈಗ ನಾಮ್‌ಸಾಯ್ ಜಿಲ್ಲೆಗೆ ಸೇರಿದ್ದು. ಖಾಮ್ತಿ ಜನರ ಊರು. ಚೋಂಗ್ ಅಂದರೆ ವಿಹಾರ, ಖಾಮ್ ಅಂದರೆ ಚಿನ್ನ ಎಂದು ಅಲ್ಲಿನ ಹಿರಿಯರು ಹೇಳಿದ್ದರು. ಅವರೂ ತೈ ಜನವೇ. ಗಂಡಸರ ಹೆಸರಿನ ಮುಂದೆ ಚೌ, ಹೆಂಗಸರ ಹೆಸರಿನ ಮುಂದೆ ನಾಂಗ್. 18ನೇ ಶತಮಾನದಲ್ಲಿ ಇರಾವತಿಯ ಮೇಲ್ಕಣಿವೆಯಿಂದ ಬಂದವರು. 1839ರಲ್ಲಿ ಅಸ್ಸಾಮಿನ ಸದಿಯಾದಲ್ಲಿ ಬ್ರಿಟಿಷರ ಮೇಲೆ ಎದ್ದವರೂ ಇವರೇ, ಕರ್ನಲ್ ವೈಟ್ ಅಲ್ಲೇ ಸತ್ತ. ಮನೆ ಮರದ ಕಂಬದ ಮೇಲೆ, ಸುತ್ತ ಬತ್ತದ ಗದ್ದೆ, ನಡುವೆ ವಿಹಾರ. ನಮ್ಮ ಕೊಡಗಿನ ಗದ್ದೆ ಬಯಲೇ ಕಣ್ಣ ಮುಂದೆ ಬಂದ ಹಾಗಾಗುತ್ತಿತ್ತು.

ಪಟ್ಕಾಯ್ ಬೆಟ್ಟ ದಾಟುವ ಪಾಂಗ್‌ಸಾವ್ ಕಣಿವೆದಾರಿಗೂ ಹೋಗಿದ್ದೇನೆ. ಸುಕಾಫಾ ಬಂದ ದಾರಿ ಅದೇ ಅಂತಾರೆ. ಎರಡನೇ ಮಹಾಯುದ್ಧದಲ್ಲಿ ಲೇಡೋದಿಂದ ಚೀನಾ ಕಡೆಗೆ ರಸ್ತೆ ಹಾಕಿದ್ದೂ ಅಲ್ಲೇ. ಆ ಮಳೆ, ಆ ಜಿಗಣೆ, ಆ ಕೆಸರಿನಲ್ಲಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ನಡೆದರು ಅಂದರೆ ಸುಲಭದ ಮಾತಲ್ಲ. ನಡೆದು ನೋಡಿದವನಿಗೆ ಗೊತ್ತು.

ತುಂಗಾತೀರ

ಸುಬೇದಾರ್ ಸರ್, ತುಂಬ ಧನ್ಯವಾದ. ಒಂದು ಅನುಮಾನ. ಶಾನರು, ಖಾಮ್ತಿಗಳು ಬೌದ್ಧರು. ಅಹೋಮರು ಯಾಕಲ್ಲ? ಗೆಳೆಯನ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ, ಬುದ್ಧನ ಸುಳಿವೇ ಇಲ್ಲ.

ಪದಬೇಟೆ

ನಿಮ್ಮ ಗೆಳೆಯನ ಮನೆಯ ಎಡೆಯೇ ಒಂದು ಚಾರಿತ್ರಿಕ ದಾಖಲೆ. 13ನೇ ಶತಮಾನದ ಆರಂಭದಲ್ಲಿ ಅವರು ಮೋಂಗ್ ಮಾವ್ ಬಿಡುವಾಗ ಅಲ್ಲಿ ಬೌದ್ಧ ಧರ್ಮ ಇನ್ನೂ ಬೇರೂರಿರಲಿಲ್ಲ ಎಂದು ಇದರಿಂದ ಊಹಿಸುತ್ತಾರೆ. ಹಳೆಯ ತೈ ನಂಬಿಕೆ, ಹಿರಿಯರ ಪೂಜೆ, ಸುಡದೆ ಹೂಳುವುದು, ಇವನ್ನೆಲ್ಲ ಅವರು ಹೊತ್ತು ತಂದರು. ಹಿಂದೆ ಉಳಿದವರು ಆಮೇಲೆ ಥೇರವಾದ ಬೌದ್ಧರಾದರು. 18ನೇ ಶತಮಾನದಲ್ಲಿ ಬಂದ ಖಾಮ್ತಿಗಳು ಬುದ್ಧನನ್ನು ಜೊತೆಗೇ ತಂದರು.

ಇನ್ನೂ ಒಂದು ಕೊಂಡಿ. ಅಹೋಮರ ಬುರಂಜಿಗಳಲ್ಲಿ, ಅಂದರೆ ಅವರ ಇತಿಹಾಸದ ಹೊತ್ತಗೆಗಳಲ್ಲಿ, ಸ್ವರ್ಗದ ಒಡೆಯ ಲೆಂಗ್‌ದೋನ್ ಕಳಿಸಿದ ಖುನ್‌ಲುಂಗ್, ಖುನ್‌ಲಾಯ್ ಎಂಬ ಅಣ್ಣತಮ್ಮಂದಿರು ಏಣಿ ಇಳಿದು ಭೂಮಿಗೆ ಬಂದರು ಎಂದಿದೆ. ಶಾನರ ಹಳೆಯ ವೃತ್ತಾಂತದಲ್ಲೂ ಅದೇ ಇಬ್ಬರು ಇಳಿಯುತ್ತಾರೆ, ಕ್ರಿ.ಶ. 568 ಎಂದು ವರ್ಷವನ್ನೂ ಹೇಳುತ್ತಾರೆ. ನಮ್ಮ ರಾಜವಂಶಗಳು ಚಂದ್ರನಿಂದಲೋ ಸೂರ್ಯನಿಂದಲೋ ಶುರುವಾಗುವ ಹಾಗೆ. ನೀವು ಕೇಳಿದ ಕ್ರಿ.ಪೂ. 94ರ ಶಕೆಯನ್ನೂ ಇದೇ ಸಾಲಿಗೆ ಇಡಿ. ಆ ಲೆಕ್ಕದಲ್ಲಿ ಡಿಸೆಂಬರ್ ಹೊತ್ತಿಗೆ ಹೊಸ ವರ್ಷ ಆಚರಿಸುತ್ತಾರೆ, ಅದು ಅವರ ಅಭಿಮಾನದ ಗುರುತು. ಅದನ್ನು ಹಿಡಿದು ಅಂದೇ ಒಂದು ಶಾನ್ ರಾಜ್ಯ ಇತ್ತೆಂದು ಸಾಧಿಸಲು ಬರುವುದಿಲ್ಲ.

ಶಾನ್ ಅರಸನಿಗೆ ಸಾವ್‌ಫಾ ಎಂದು ಬಿರುದು. ಸಾವ್ ಅಂದರೆ ಒಡೆಯ, ಫಾ ಅಂದರೆ ಆಕಾಶ. ಬರ್ಮನ್ನರು ಸಾಬ್ವಾ ಅಂದರು. ಅಹೋಮರಲ್ಲಿ ಅದೇ ಚಾವ್‌ಫಾ, ಅದನ್ನೇ ಸಂಸ್ಕೃತಕ್ಕೆ ತಿರುಗಿಸಿ ಸ್ವರ್ಗದೇವ ಎಂದು ಕರೆದುಕೊಂಡರು. 1826ರಲ್ಲಿ ಬರ್ಮಾ ಮತ್ತು ಬ್ರಿಟಿಷರ ನಡುವೆ ಆದ ಯಾಂಡಬೊ ಒಪ್ಪಂದದಲ್ಲಿ ಅಸ್ಸಾಮ್ ಬ್ರಿಟಿಷರ ಕೈಸೇರುವ ತನಕ ಈ ಸ್ವರ್ಗದೇವರ ವಂಶ ಸುಮಾರು 600 ವರ್ಷ ಬಾಳಿತು.

ಗಿರಿಧಾಮ

ಶಾನ್ ಸಾವ್‌ಫಾಗಳ ಗತಿ ಏನಾಯಿತು? ಅವರೂ ನಮ್ಮ ಮೈಸೂರು ಅರಸರ ಹಾಗೆ ಬ್ರಿಟಿಷರ ಕೆಳಗೆ ಉಳಿದರೇ?

ಶಾಸನಪ್ರಿಯ

ಹೆಚ್ಚುಕಡಿಮೆ ಹಾಗೇ. 1885ರಲ್ಲಿ ಬರ್ಮಾದ ರಾಜಧಾನಿ ಮಂಡಾಲೆ ಬಿದ್ದ ಮೇಲೆ ಬ್ರಿಟಿಷರು ಬೆಟ್ಟ ಹತ್ತಿ ಒಬ್ಬೊಬ್ಬ ಸಾವ್‌ಫಾಗೂ ಸನದು ಕೊಟ್ಟರು. ಮೂವತ್ತಕ್ಕೂ ಹೆಚ್ಚು ಸಂಸ್ಥಾನಗಳು, ಕೆಲವು ಒಂದು ಜಿಲ್ಲೆಯಷ್ಟು, ಕೆಲವು ಒಂದು ಹೋಬಳಿಯಷ್ಟು. 1922ರಲ್ಲಿ ಎಲ್ಲ ಸೇರಿಸಿ ಶಾನ್ ಸಂಸ್ಥಾನಗಳ ಒಕ್ಕೂಟ ಮಾಡಿದರು. ಸಾವ್‌ಫಾನ ಪಟ್ಟದ ರಾಣಿಯನ್ನು ಮಹಾದೇವಿ ಎಂದೇ ಕರೆಯುತ್ತಿದ್ದರು.

ಆಮೇಲಿನದು ನೋವಿನ ಕತೆ. 1947ರ ಫೆಬ್ರವರಿ 12ರಂದು ಪಾಂಗ್‌ಲೊಂಗ್ ಎಂಬ ಸಣ್ಣ ಊರಿನಲ್ಲಿ ಶಾನ್, ಕಚಿನ್, ಚಿನ್ ಮುಖಂಡರು ಬರ್ಮಾದ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಗುಡ್ಡಗಾಡಿನ ಒಳಾಡಳಿತ ಅವರಿಗೇ ಎಂದು ಮಾತಾಯಿತು. ಅದೇ ವರ್ಷದ ಸಂವಿಧಾನದಲ್ಲಿ, ಬೇಕಾದರೆ 10 ವರ್ಷದ ನಂತರ ಒಕ್ಕೂಟ ಬಿಟ್ಟುಹೋಗುವ ಹಕ್ಕನ್ನೂ ಶಾನ್ ನಾಡಿಗೆ ಬರೆದುಕೊಟ್ಟರು. ಪಾಂಗ್‌ಲೊಂಗ್ ಒಪ್ಪಂದವಾದ ಐದೇ ತಿಂಗಳಲ್ಲಿ, ಜುಲೈನಲ್ಲಿ, ಆಂಗ್ ಸಾನ್ ಹತ್ಯೆಯಾಯಿತು. ಯಾಂಗ್‌ಹ್ವೆಯ ಸಾವ್‌ಫಾ ಸಾವ್ ಶ್ವೇ ಥೈಕ್ 1948ರಲ್ಲಿ ಸ್ವತಂತ್ರ ಬರ್ಮಾದ ಮೊದಲ ರಾಷ್ಟ್ರಾಧ್ಯಕ್ಷರಾದರು. ದೇಶದ ಮೊದಲ ರಾಷ್ಟ್ರಾಧ್ಯಕ್ಷ ಒಬ್ಬ ಶಾನ್ ಎಂಬುದನ್ನು ಮರೆಯಬೇಡಿ.

1958 ಬಂತು, ಕೊಟ್ಟ ಹಕ್ಕು ಕಾಗದದಲ್ಲೇ ಉಳಿಯಿತು. ಆ ವರ್ಷವೇ ನೂಮ್ ಸುಕ್ ಹಾನ್ ಎಂಬ ಯುವಕರ ಪಡೆ ಬಂದೂಕು ಹಿಡಿಯಿತು. 1959ರಲ್ಲಿ ಸಾವ್‌ಫಾಗಳು ತಲೆಮಾರಿನ ಅಧಿಕಾರ ಬಿಟ್ಟುಕೊಟ್ಟರು. ಬಂದೂಕು ಬೇಡ, ಒಕ್ಕೂಟವನ್ನೇ ಸರಿಪಡಿಸೋಣ ಎಂದು 1961ರಲ್ಲಿ ತೌಂಗ್‌ಜಿಯಲ್ಲಿ ಸಭೆ ಸೇರಿ ಕೇಳಿದರು. 1962ರ ಮಾರ್ಚ್ 2ರಂದು ಜನರಲ್ ನೆ ವಿನ್ ನೇತೃತ್ವದ ಸೈನ್ಯ ಅಧಿಕಾರ ಹಿಡಿಯಿತು. ಆ ರಾತ್ರಿ ಸಾವ್ ಶ್ವೇ ಥೈಕ್ ಮನೆಗೆ ನುಗ್ಗಿದ ಸೈನಿಕರ ಗುಂಡಿಗೆ ಅವರ 17 ವರ್ಷದ ಮಗ ಬಲಿಯಾದ. ಅವರು ನವೆಂಬರಿನಲ್ಲಿ ಸೆರೆಯಲ್ಲೇ ತೀರಿಕೊಂಡರು. ಸಿಪಾವ್‌ನ ಸಾವ್‌ಫಾ ಸಾವ್ ಚಾ ಸೆಂಗ್ ಅವರನ್ನು ಸೈನಿಕರು ಹಿಡಿದುಕೊಂಡು ಹೋದರು, ಮತ್ತೆ ಅವರು ಮನೆಗೆ ಬರಲೇ ಇಲ್ಲ. ಕೆಂಗ್‌ತುಂಗ್ ಅರಮನೆಯನ್ನು 1991ರಲ್ಲಿ ಕೆಡವಿಹಾಕಿದರು.

ಧಾರವಾಡದಾಕಿ

ಅರಮನಿ ಕೆಡವಿದ್ದು ಓದಿ ಕಣ್ಣಾಗ ನೀರು ಬಂತ್ರೀ. ಆದ್ರ ಅರಮನಿಕ್ಕಿಂತ ಹೆಚ್ಚು ಹಳ್ಳಿ ಹೋದಾವು. 1996ರಿಂದ 98ರ ತನಕ ನಡು ಶಾನ್ ನಾಡಿನ್ಯಾಗ 1,400ಕ್ಕಿಂತ ಹೆಚ್ಚು ಹಳ್ಳಿ ಖಾಲಿ ಮಾಡಿಸಿದ್ರು, 3 ಲಕ್ಷಕ್ಕೂ ಹೆಚ್ಚು ಮಂದಿ ಮನಿ ಬಿಟ್ರು. ಬಂದೂಕಿನವ್ರಿಗೆ ಅಕ್ಕಿ ಕೊಡಬಾರ್ದು ಅಂತ ಸೈನ್ಯದವ್ರು ಹಳ್ಳೀನ ಇಲ್ಲದಂಗ ಮಾಡಿದ್ರು. ನಮ್ಮ ಅಕ್ಕಾರು ಆವಾಗ ಸಣ್ಣ ಹುಡುಗಿ. ಮೂರು ದಿನದಾಗ ಖಾಲಿ ಮಾಡ್ರಿ ಅಂದಿದ್ರಂತ. ಗದ್ದ್ಯಾಗ ಬೆಳಿ ನಿಂತಿತ್ತಂತ, ಕೊಯ್ಲಿಕ್ಕೆ ಬಿಡ್ಲಿಲ್ಲ. ಅವ್ರವ್ವ ಹೊರಡೂ ಮುಂಚೆ ಗದ್ದಿಗೆ ನೀರು ಕಟ್ಟಿ ಬಂದ್ಲಂತ. "ಯಾಕವ್ವ, ಹೋಗೂದ ಅದಲ್ಲ" ಅಂದ್ರ, "ಒಣಗಿದ್ದ ನೋಡಿ ಹೋಗಬಾರ್ದು" ಅಂದ್ಲಂತ.

ಬರ್ಮಾದಿಂದನ ಬಂದ ಕರೆನ್ ಮಂದೀಗೆ ಗಡೀ ಮ್ಯಾಲೆ ನಿರಾಶ್ರಿತರ ಶಿಬಿರ ಅದಾವು. ಶಾನ್ ಮಂದೀಗೆ ಅಂಥಾ ಸೌಲತ್ತು ಸಿಗಲಿಲ್ಲ. ಭಾಷಾ ಹತ್ರ ಅದ, ಇಲ್ಲೆ ಕೂಡಿಕೊಂಡು ಹೋಗ್ತಾರ ಅಂತ. ಹಿಂಗಾಗಿ ಕಟ್ಟಡದ ಕೆಲ್ಸ, ಕಿತ್ತಳಿ ತ್ವಾಟದ ಕೆಲ್ಸ, ಮನಿ ಕೆಲ್ಸ. ಅಕ್ಕಾರು ಒಂದು ಕಚೇರಿಗೆ ಗುರುತಿನ ಕಾಗದಕ್ಕಂತ ಹನ್ನೊಂದು ಸಲ ಹೋಗಿದ್ರು. ಪ್ರತಿ ಸಲಾ ನಾಳೆ ಬಾ. ಹನ್ನೆರಡನೇ ಸಲಕ್ಕ ನಾ ಕೂಡಿ ಹೋದೆ, ಅವತ್ತ ಕೊಟ್ರು. ಪರದೇಶದಾಕಿ ನಾ, ನನ್ನ ಮಾತು ಕೇಳಿದ್ರು, ಇಪ್ಪತ್ತು ವರ್ಷ ಇಲ್ಲೇ ದುಡಿದಾಕೀದು ಕೇಳ್ಲಿಲ್ಲ.

ಮಂಡ್ಯದ ಮಗಳು

ಅಕ್ಕಾ, ಗದ್ದೆಗೆ ನೀರು ಕಟ್ಟಿ ಬಂದ್ಲು ಅಂದ್ರಲ್ಲ, ಓದಿದ ಮೇಲೆ ಇನ್ನೇನೂ ಓದೋಕೆ ಆಗ್ಲಿಲ್ಲ. ನಮ್ಮಜ್ಜಿನೂ ಅದೇ ಮಾಡ್ತಿದ್ರು.

ತುಂಗಾತೀರ

ಆ ನಾಡಿನ ಮಾತು, ಬರಹ ಈಗ ಉಳಿದಿದೆಯಾ? ಗೆಳೆಯನ ಮನೆಯಲ್ಲಿ ಯಾರಿಗೂ ಅಹೋಮ್ ಭಾಷೆ ಬರುವುದಿಲ್ಲ. ಪುರೋಹಿತರು ಮಂತ್ರ ಓದಿದಾಗ ಮಾತ್ರ ಕೇಳಿದೆ.

ಪದಬೇಟೆ

ಅಹೋಮ್ ಆಡುಮಾತಾಗಿ ನಿಂತು ಎರಡು ಶತಮಾನವಾಗುತ್ತ ಬಂತು. ದೇವಧಾಯ್, ಮೋಹನ್, ಬೈಲುಂಗ್ ಎಂಬ ಪುರೋಹಿತ ಮನೆತನಗಳು ಹೊತ್ತಗೆಗಳನ್ನು ಕಾಪಾಡಿಕೊಂಡು ಬಂದವು. ಆದರೆ ಅಸ್ಸಾಮಿನಲ್ಲೇ ತೈ ಫಾಕೆ, ತೈ ಐತೋನ್ ಎಂಬ ಸಣ್ಣ ಸಮುದಾಯಗಳು ಇವತ್ತಿಗೂ ತೈ ಆಡುತ್ತವೆ.

ಶಾನ್ ಬರಹ ಜೀವಂತ ಇದೆ. ದಕ್ಷಿಣ ಭಾರತದಿಂದ ಹೋದ ಲಿಪಿಯ ಮಗಳು ಬರ್ಮೀ ಲಿಪಿ, ಅದರ ಮಗಳು ಶಾನ್ ಲಿಪಿ. ನೋಡಿದರೆ ನಮ್ಮ ಅಕ್ಷರಗಳ ಹಾಗೇ ಗುಂಡು ಗುಂಡು. ಗಡಿಯಾಚೆ ಯುನ್ನಾನಿನ ತೈ ಜನರ ಹಳೆಯ ಲಿಪಿಗೆ ಲಿಕ್ ತೋ ಙೋಕ್ ಎಂದು ಹೆಸರು, ಅಂದರೆ ಮೊಳಕೆಕಾಳಿನ ಬರಹ. ಹಳೆಯ ಶಾನ್ ಬರಹದಲ್ಲಿ ದನಿಯ ಏರಿಳಿತದ (ಟೋನ್) ಗುರುತು ಇರಲಿಲ್ಲ, ಒಂದೇ ಬರಹವನ್ನು ನಾಲ್ಕಾರು ಬಗೆಯಲ್ಲಿ ಓದಬಹುದಿತ್ತು. ಹಾಗಾಗಿ ಲಿಕ್ ಲೋಂಗ್ ಎಂಬ ಬೌದ್ಧ ಕಾವ್ಯಗಳನ್ನು ಓದಿಹೇಳಲು ಜರೇ ಎಂಬ ಪಂಡಿತ ಬೇಕೇ ಬೇಕಿತ್ತು, ನಮ್ಮ ಗಮಕಿಗಳ ಹಾಗೆ. 20ನೇ ಶತಮಾನದ ನಡುವೆ ಲಿಪಿ ತಿದ್ದಿ ಆ ಏರಿಳಿತದ ಗುರುತು ಸೇರಿಸಿದರು. ವಿಹಾರದಲ್ಲಿ ಜರೇ ಓದುವುದು ಇಂದಿಗೂ ಇದೆ.

ಕೊಡಗಿನ ಸುಬೇದಾರ್

ನನಗೆ ಖಾಮ್ತಿ ಮಾತು ಹತ್ತರ ತನಕ ಎಣಿಸುವಷ್ಟು ಬರುತ್ತೆ. ನಮ್ಮ ಕ್ಯಾಂಪಿಗೆ ತರಕಾರಿ ತರುತ್ತಿದ್ದ ಅಜ್ಜ ಕಲಿಸಿದ್ದು. ನುಂಗ್, ಸೋಂಗ್, ಸಾಮ್, ಸೀ, ಹಾ, ಹೋಕ್, ಚೆತ್, ಪೆತ್, ಕಾವ್, ಸಿಪ್. ಇಪ್ಪತ್ತೈದು ವರ್ಷ ಆಯಿತು, ಮರೆತಿಲ್ಲ. ಧಾರವಾಡದ ತಂಗಿ, ನಿನಗೆ ಧ್ವನಿ ಮುದ್ರಿಸಿ ಕಳಿಸಿದ್ದೇನೆ. ನಿನ್ನ ಪಕ್ಕದ ಮನೆ ಅಕ್ಕನಿಗೆ ಕೇಳಿಸಮ್ಮ, ಅರ್ಥ ಆಗುತ್ತಾ ಹೇಳು.

ಧಾರವಾಡದಾಕಿ

ಸುಬೇದಾರ್ ಅಣ್ಣಾರ, ಈಗ ಕೇಳಿಸಿ ಬಂದೆ. ಅಕ್ಕಾರು ಅಂಗಳದಾಗ ತೂವಾ ನಾವ್ ಹಪ್ಪಳಾ ಒಣಗಿಸ್ಲಿಕ್ಕೆ ಹತ್ತಿದ್ರು. ಫೋನ್ ಹಚ್ಚಿದೆ. ಸಾಮ್ ಅನ್ನೂದ್ರಾಗ ಕೈ ನಿಂತ್ವು, ಹಾ, ಹೋಕ್ ಅನ್ನೂದ್ರಾಗ ನಿಮ್ಮ ಕೂಡ ತಾವೂ ಎಣಿಸ್ಲಿಕ್ಕೆ ಸುರು ಮಾಡಿದ್ರು, ಸಿಪ್ ಇಬ್ರೂ ಕೂಡೇ ಅಂದ್ರಿ. ಆಮ್ಯಾಲೆ ನನಗ ಕೇಳಿದ್ರು, "ಈ ಅಣ್ಣ ಯಾವ ಮೋಂಗ್‌ದವ್ರು?"